ಮೇಜಿನ ದೃಷ್ಟಾಂತ

ಜೂನ್ 3, ಬೆಳಗ್ಗೆ 7
ಲಂಚ ತಡೆ ಕಾನೂನಿನ ಕರಡು ಇವತ್ತಿನ ಪೇಪರಿನಲ್ಲಿ ಬಂದಿದೆ. ಏಳನೇ ಪುಟ. ಹೇಳಿದ್ದು ಅಪ್ಪ. ಕರಡು ಬರೆದ ನಾನು ಇನ್ನೂ ಹಲ್ಲುಜ್ಜುತ್ತಿದ್ದೆ.

ಎಂದಿನಂತೆ ಗಟ್ಟಿಯಾಗಿ ಓದಿದರು. ಉಡುಗೊರೆಯ ಕಲಂ, ಅದರ ಕೆಳಗೆ ಜನಕ್ಕೆ ಅರ್ಥವಾಗಲೆಂದು ಕೊಟ್ಟ ದೃಷ್ಟಾಂತ: ‘ಎ ರಸ್ತೆ ಕೆಲಸದ ತಪಾಸಣಾಧಿಕಾರಿ. ಬಿಲ್ ಪಾಸಾಗಬೇಕಿರುವ ಗುತ್ತಿಗೆದಾರ ಬಿ, ಎ-ಯ ಮಗನಿಗೆ ಓದುವ ಮೇಜು ಕಳಿಸುತ್ತಾನೆ. ಎ ಕೇಳಿರಲಿಲ್ಲ. ಹಿಂದಕ್ಕೂ ಕಳಿಸಲಿಲ್ಲ. ಎ ಅಪರಾಧಿ.’

ಅಲ್ಲಿಗೆ ನಿಲ್ಲಿಸಿದರು. ಕನ್ನಡಕ ಒರೆಸಿಕೊಂಡರು.

“ಡ್ರಾಯರ್ ಎರಡಿತ್ತು ಕಣೋ. ಅದನ್ನ ಬಿಟ್ಟಿದ್ದೀಯ.”

ಸಂಜೆ
ವಾರವೆಲ್ಲ ಉದಾಹರಣೆ ಹೊಳೆದಿರಲಿಲ್ಲ. ಚಿಕ್ಕಂದಿನಿಂದ ಓದಿದ ಈ ಮೇಜಿಗೆ ಮೊಣಕೈ ಊರಿದಾಗ ಹೊಳೆಯಿತು. ಕರಡು ಸಮಿತಿಯ ಅಧ್ಯಕ್ಷರು, ನಿವೃತ್ತ ನ್ಯಾಯಾಧೀಶರು, ಇಂಥದ್ದೇ ಬೇಕಿತ್ತು ಅಂದರು. ಉಬ್ಬಿಹೋದೆ. ಅಪ್ಪ ದಿನಾ ಪೇಪರು ಓದುತ್ತಾರೆ ಅನ್ನುವುದು... ತಲೆಗೇ ಬರಲಿಲ್ಲ.

ಜೂನ್ 5
ಅಪ್ಪ ಗಟ್ಟಿಯಾಗಿ ಓದುತ್ತಿಲ್ಲ. ಮಾವನಿಗೆ ಗಂಟಲು ಕಟ್ಟಿದೆಯಾ ಎಂದು ಇವಳು ಕೇಳಿದಳು. ಹೂಂ ಅಂದೆ.

ದೃಷ್ಟಾಂತ ತೆಗೆಯೋಣ ಎಂದು ಅಧ್ಯಕ್ಷರಿಗೆ ಹೇಳಿದೆ. ಭಾಷೆ ಬಿಗಿಯಾಗಿಲ್ಲ ಎಂಬ ನೆಪ ಕೊಟ್ಟೆ.

ಜೂನ್ 9
ಸಮಿತಿ ಸಭೆ. ಶಾಸಕರೊಬ್ಬರು ಕಾದೇ ಕೂತಿದ್ದರು. ದೃಷ್ಟಾಂತದ ಜೊತೆ ಕಲಮಿನಲ್ಲಿರುವ ‘ಅಥವಾ ಕುಟುಂಬದವರಿಗೆ’ ಎಂಬ ಮಾತನ್ನೂ ತೆಗೆಯಬೇಕಂತೆ.

“ಮಗು ಬರ್ತ್‌ಡೇಗೆ ಯಾರೋ ಪೆನ್ನು ಕೊಟ್ರೆ ಅಪ್ಪ ಜೈಲಿಗೆ ಹೋಗ್ಬೇಕೇನ್ರಿ? ಬರೆದೋರೇ ಬೇಡ ಅಂತಿದಾರೆ, ಇನ್ನೇನು?”

ಎಲ್ಲರೂ ನನ್ನನ್ನು ನೋಡಿದರು. ನಾನು ಕಡತದ ಹಾಳೆ ಮಗುಚುತ್ತಾ ಕೂತೆ. ಟೀ ಬಂತು. ಕಪ್ಪು ಖಾಲಿಯಾಗುವುದರೊಳಗೆ ಎರಡೂ ಹೋದವು. ಇನ್ನು ಮಗನ ಹೆಸರಿಗೆ ಬಂಗಲೆ ಬರೆಸಿಕೊಂಡರೂ ಅಪರಾಧವಲ್ಲ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ — ಅದೂ ಊರಿನವರ ಮೂಗು.

ಮನೆಗೆ ಬಂದು ಅಪ್ಪನಿಗೆ ಎಲ್ಲ ಹೇಳಿದೆ. ಹಗುರಾಗುತ್ತಾರೆ ಅಂದುಕೊಂಡಿದ್ದೆ. ಮೇಜಿನ ಡ್ರಾಯರ್ ಎಳೆದು, ಮತ್ತೆ ಮುಚ್ಚಿದರು.

“ಆ ರಸ್ತೆ ಮೊದಲನೇ ಮಳೆಗೇ ಕಿತ್ತು ಬಂತು. ಕಳಪೆ ಅಂತ ಗೊತ್ತಿದ್ದೂ ಸಹಿ ಹಾಕಿದ್ದೆ.” ಆಮೇಲೆ, “ಈ ಸಲ ನಿನ್ನ ಕೈಯಿಂದ ಲಂಚ ತಗೊಂಡ ಹಾಗಾಯ್ತಲ್ಲೋ.”



ಜೂನ್ 15
ಕರಡಿನ ಬಗ್ಗೆ ಸಮಿತಿ ಕೇಳಲಿರುವ ಸಾರ್ವಜನಿಕರ ಅಹವಾಲಿಗೆ ಹೆಸರು ಕೊಟ್ಟವರಲ್ಲಿ ಅಪ್ಪನೂ ಇದ್ದಾರೆ. ಹೇಳಿದ್ದು ಟೈಪಿಸ್ಟ್. “ಸರ್, ನಿಮ್ಮನೆ ಅಡ್ರೆಸ್ಸೇ ಇದೆ. ವಿಷಯ ‘ಮೇಜು’ ಅಂತ ಬರೆಸಿದಾರೆ. ಯಾವ ಮೇಜು ಸರ್?” ಕೆಲಸ ನೋಡಮ್ಮ ಎಂದು ಗದರಿಬಿಟ್ಟೆ. ಪಾಪ, ಅವಳದೇನು ತಪ್ಪು.

ಮನೆಯಲ್ಲಿ ಅಪ್ಪ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದರು. ಬೇಡ ಅನ್ನಬೇಕೆಂದಿದ್ದೆ. ಕಾರಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದುಬಿಟ್ಟೆ. ಬಸ್ಸಿದೆ ಅಂದರು. “ಸಮಿತಿಯೋರ ಕಾರು ಹತ್ತಿದ್ರೆ ಅದೂ ಉಡುಗೊರೆನೇ.” ಅಪ್ಪ ನಗಲಿಲ್ಲ.

ಅಹವಾಲು ಬುಧವಾರ ಬೆಳಗ್ಗೆ ಹನ್ನೊಂದಕ್ಕೆ. ಅಪ್ಪನದು ಮೂರನೇ ಸರದಿ. ಪ್ರಶ್ನೆ ಕೇಳುವ ಸಾಲಿನಲ್ಲಿ ನಾನೂ ಕೂರಬೇಕು.