ವಿಷಯ: ಝೀಟಾ ಅವರ ನಿಧನ

ಫೆಬ್ರವರಿ 3, ಸೋಮವಾರ

ಅಂಗಡಿಗಳಿಗೆ ಮಾಲು ಒಯ್ಯುವ ಬೇಕರಿಯ ಲೈನ್ ಗಾಡಿಗಳು ಉಡುಪಿ ಬಿಟ್ಟ ಮೇಲೆ ಮೇಲ್ ತೆರೆದೆ. ಕಾರ್ಕಳದ ಅಂಗಡಿಯಿಂದ ಸುಗಂಧಿ — "ನಾಳೆ ಬನ್ ಎರಡು ಟ್ರೇ ಜಾಸ್ತಿ." ಮಣಿಪಾಲದಿಂದ — "ಫ್ರಿಜ್ ಕೂಲ್ ಆಗುತ್ತಿಲ್ಲ." ವಿಷಯದ ಜಾಗದಲ್ಲಿ ಎಲ್ಲದಕ್ಕೂ ಒಂದೇ ಸಾಲು: ಝೀಟಾ ಅವರ ನಿಧನ.

ನವೆಂಬರಿನಲ್ಲಿ ಅವಳು ಹೋದಾಗ ಮ್ಯಾನೇಜರ್ ಎಲ್ಲ ಅಂಗಡಿಗಳಿಗೂ ಕಳಿಸಿದ ಮೇಲ್ ಅದು. ಹೊಸ ಮೇಲ್ ಬರೆಯುವ ಅಭ್ಯಾಸ ಇಲ್ಲಿ ಯಾರಿಗೂ ಇಲ್ಲ. ಹಳೆಯದೊಂದನ್ನು ತೆರೆದು ರಿಪ್ಲೈ ಒತ್ತುತ್ತಾರೆ. ಅದು ಸಿಕ್ಕಿತು, ಅದರಲ್ಲೇ ನಡೆದಿದೆ. ಬನ್ನು, ರಸ್ಕು, ರಜೆ — ಎಲ್ಲ ನನ್ನ ಹೆಂಡತಿಯ ಸಾವಿನ ಕೆಳಗೆ.

ಅಂಗಡಿಗಳ ಆರ್ಡರ್ ನೋಡುತ್ತಿದ್ದ ಅವಳ ಕುರ್ಚಿಯಲ್ಲಿ ಈಗ ನಾನು. ಮೊದಲು ಪ್ಯಾಕಿಂಗ್‌ನಲ್ಲಿದ್ದೆ.

ಫೆಬ್ರವರಿ 5, ಬುಧವಾರ

ಮ್ಯಾನೇಜರ್ ತಾರಾನಾಥರು ಟೇಬಲ್ ಹತ್ತಿರ ಬಂದು ನಿಂತರು. ಮಣಿಪಾಲದ ಕೇಕ್ ಆರ್ಡರ್ ಕ್ಯಾನ್ಸಲ್ ಆದದ್ದು ಈ ರಾಶಿಯಲ್ಲಿ ಯಾರಿಗೂ ಕಾಣಲಿಲ್ಲ. ಕೇಕ್ ತಯಾರಾಗಿ ಕೂತಿದೆ.

"ಬೆಂಜಮಿನ್, ಎಲ್ಲರಿಗೂ ಒಂದು ಮೇಲ್ ಹಾಕಿ ಮಾರಾಯ್ರೆ. ವಿಷಯ ಬರೆಯದೆ ಕಳಿಸಬಾರದು ಅಂತ. ಆ ಹಳೆಯದು... ನನಗೇ ನೋಡ್ಲಿಕ್ಕೆ ಆಗುವುದಿಲ್ಲ. ನಿಮಗೆ ಹೇಗೆ ಆಗ್ತದೋ."

ಮೊದಮೊದಲು ಆಗುತ್ತಿರಲಿಲ್ಲ. ಈಗ ಹಾಗಲ್ಲ.

ಬರೆದೆ: "ಪ್ರತಿ ಮೇಲ್‌ಗೂ ಅದರದೇ ವಿಷಯ ಹಾಕಿ. ಹಳೆಯ ಮೇಲ್‌ಗೆ ರಿಪ್ಲೈ ಬೇಡ." ಕಳಿಸುವ ಮೊದಲು ಹಳೆಯದನ್ನು ಇನ್ನೊಮ್ಮೆ ತೆರೆದು ನೋಡಿದೆ.

ಸುಗಂಧಿಯ ಉತ್ತರ ತಕ್ಷಣ ಬಂತು — "ಓಕೆ, ಇನ್ನು ಹಾಕ್ತೇನೆ." ಅದೂ ಹಳೆಯದರಲ್ಲೇ. ನಗು ಬಂತು. ಎಷ್ಟೋ ದಿನಗಳ ನಂತರ.

ಫೆಬ್ರವರಿ 14, ಶುಕ್ರವಾರ

ಕಾರ್ಕಳ ಸರಿಯಾಯಿತು. ಮಣಿಪಾಲವೂ. ಕಾಪು ಅಂಗಡಿಯ ಕರುಣಾಕರಣ್ಣ ಮಾತ್ರ ಹಳೆಯದರಲ್ಲೇ. ದಿನಕ್ಕೆ ಒಂದು. ಅದು ಬರುವವರೆಗೆ ಚಹಾಕ್ಕೂ ಏಳುವುದಿಲ್ಲ.

"ಕಾಪುವಿಗೆ ಫೋನ್ ಮಾಡಿದಿರಾ?" ಎಂದು ತಾರಾನಾಥರು. ಮಾಡ್ತೇನೆ ಎಂದೆ.

ಫೆಬ್ರವರಿ 22, ಶನಿವಾರ

ಫೋನ್ ಮಾಡಿರಲಿಲ್ಲ. ಇವತ್ತು ತಾರಾನಾಥರೇ ಮಾಡಿ ಬೈದರು. ಕೇಳಿ ಕೂರಲು ಆಗಲಿಲ್ಲ. ಮಧ್ಯಾಹ್ನ ಬಸ್ಸು ಹತ್ತಿ ಕಾಪುವಿಗೆ ಹೋದೆ.

ಕರುಣಾಕರಣ್ಣ ಕಂಪ್ಯೂಟರ್ ಎದುರು ಸಪ್ಪೆ ಮುಖ ಹಾಕಿ ಕೂತಿದ್ದರು. ನಮ್ಮ ಕ್ರೈಸ್ತರಲ್ಲಿ ಗಂಡಸರು ಅವರಿಗೆ ಪೊರ್ಬು, ಹೆಂಗಸರು ಬಾಯಿ.

"ಪೊರ್ಬುಗಳೇ, ಹೊಸತು ಮಾಡ್ಲಿಕ್ಕೆ ನನಗೆ ಗೊತ್ತಿಲ್ಲ. ಝೀಟಾ ಬಾಯಿ ಇದೊಂದೇ ಹೇಳಿಕೊಟ್ಟದ್ದು. ಹಳೆಯದು ತೆರೆಯಿರಿ, ಇಲ್ಲಿ ಒತ್ತಿ, ನನಗೆ ಬರ್ತದೆ ಅಂತ. ಇನ್ನೊಮ್ಮೆ ಹೀಗೆ ಕಳಿಸಿದ್ರೆ ಲೋಡ್ ಇಲ್ಲ ಅಂತಾನೆ ತಾರಾನಾಥ. ಬ್ರೆಡ್ ಇಲ್ಲದೆ ನಾನು ಎಂತ ಮಾರುವುದು? ನನ್ನ ತಲೆಯಾ?"

"ಅದಕ್ಕೆ ಗಿರಾಕಿ ಸಿಗುವುದಿಲ್ಲ."

ನಕ್ಕರು. ಹೇಳಿಕೊಟ್ಟೆ, ಅವರ ಕೈ ಮೇಲೆ ಕೈಯಿಟ್ಟು. ವಿಳಾಸ ಇಲ್ಲಿ. ವಿಷಯ ಇಲ್ಲಿ. ಎರಡು ಸಲ ತಪ್ಪಿತು. ಮೂರನೆಯ ಸಲ ಬಂತು. ಇನ್ನೂ ಸ್ವಲ್ಪ ತಪ್ಪಲಿ ಎಂದು ಅನಿಸಿತು.

ಕೊನೆಗೆ ಕೇಳಿದರು — "ಬಾಯಿಯದ್ದು... ಇನ್ನು ಡಿಲೀಟ್ ಮಾಡುವುದಾ?"

ಹೊರಗೆ ಬಂದು ಬಸ್ಸಿಗೆ ನಿಂತೆ.

ಫೆಬ್ರವರಿ 24, ಸೋಮವಾರ

ಕಾಪುವಿನ ಮೇಲ್ ಬಂತು. ವಿಷಯ: ರಸ್ಕ್ ಖಾಲಿ. ಒಂದು ತಪ್ಪೂ ಇಲ್ಲ. ತಾರಾನಾಥರಿಗೆ ತೋರಿಸಿದೆ. "ಅಂತೂ ಸರಿಯಾಯ್ತು ಅಲ್ವಾ," ಎಂದರು.

ಹೌದು. ಸಂಜೆಯವರೆಗೂ ಮೇಲ್‌ಗಳು ಬರುತ್ತಲೇ ಇದ್ದವು. ಬನ್. ಕೇಕ್. ಟ್ರೇ ವಾಪಸ್. ಎಲ್ಲ ಒಂದೊಂದಾಗಿ ತೆರೆದೆ. ಒಂದರ ಮೇಲೂ ಅವಳ ಹೆಸರು ಇರಲಿಲ್ಲ.