ದಿಂಡೋರಿಗೆ ಮೂವರು

ಜನವರಿ 16, ಗುರುವಾರ. ಆಳಂದ

ಆಸ್ಪತ್ರೆಯಲ್ಲಿ ನರ್ಸ್ ಡ್ಯೂಟಿ ಮುಗಿಯಿತು. ಎರಡು ಹೆರಿಗೆ, ಒಂದು ಹಾವಿನ ಕೇಸ್. ಮೂವರೂ ಪಾರು. ನಾಳೆಯಿಂದ ರಜೆ.

ಮದುವೆ ರಿಜಿಸ್ಟರ್ ಆಗಿ ತಿಂಗಳಾಯಿತು. ಇನ್ನೂ ನಾನು ಆಳಂದದಲ್ಲಿ, ಪ್ರಬುದ್ಧ ಜೇವರ್ಗಿಯಲ್ಲಿ. ಜೇವರ್ಗಿ ಆಸ್ಪತ್ರೆಗೆ ವರ್ಗ ಕೇಳು ಎನ್ನುತ್ತಾರೆ. ನೋಡೋಣ ಎನ್ನುತ್ತೇನೆ. ನಲವತ್ತಾರರಲ್ಲಿ ಎರಡನೆಯ ಮದುವೆ... ಅವಸರವೇನು.

ಪ್ರಬುದ್ಧ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಾರೆ. 'ನಾಸಿಕ್ — ದ್ರಾಕ್ಷಿ, ವೈನ್' ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದದ್ದೇ ಬಂತಂತೆ, ಕಣ್ಣಾರೆ ಕಂಡಿಲ್ಲ. ಅದಕ್ಕೇ ನಾಳೆ ನಾಸಿಕ್ ಹತ್ತಿರದ ದಿಂಡೋರಿಗೆ ಹೊರಟಿದ್ದೇವೆ. ಸೊಲ್ಲಾಪುರದ ಗೆಳೆಯ ಸಂಜುಕುಮಾರ ಟೆಂಪೋ ಟ್ರಾವೆಲರನ್ನು ಕ್ಯಾಂಪರ್‌ವ್ಯಾನ್ ಮಾಡಿಸಿ ಬಾಡಿಗೆಗೆ ಬಿಡುತ್ತಾರೆ. ಅದನ್ನೇ ತಂದಿದ್ದಾರೆ. ಒಳಗೆ ಹಾಸಿಗೆ, ಗ್ಯಾಸ್ ಒಲೆ, ಸಣ್ಣ ಫ್ರಿಜ್. ಪಾಯಖಾನೆ ಕೂಡ.

ಸಂಜೆ ಭೂಸನೂರಿನಿಂದ ಅವ್ವನ ಫೋನ್. ತಾನೂ ಬರುತ್ತಾಳಂತೆ. ಗಂಡ-ಹೆಂಡತಿ ನಡುವೆ ನಿನಗೇನು ಕೆಲಸ ಎಂದು ಕೇಳಿದೆ.

"ಧರ್ಮರಾಜನ್ನ ನೋಡದನ ಹೂಂ ಅಂದಿದ್ದೆ ಬೇ. ಈ ಸಲ ನೋಡ್ತೇನಿ," ಎಂದಳು.

ಧರ್ಮರಾಜ ನನ್ನ ಮೊದಲ ಗಂಡ. ಕುಡಿದೇ ಹೋದ. ಲಿವರ್. ಏಳು ವರ್ಷವಾಯಿತು.

ಜನವರಿ 17, ಶುಕ್ರವಾರ. ಕರಮಾಳಾ ದಾಟಿ, ಪೆಟ್ರೋಲ್ ಬಂಕ್

ಭೂಸನೂರಿನಲ್ಲಿ ಕಬ್ಬಿನ ಗಾಡಿಗಳ ಸಾಲು, ಅದರಲ್ಲೇ ಅರ್ಧ ತಾಸು ಹೋಯಿತು. ಅವ್ವ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ತನ್ನದೇ ದಿಂಬು ತಂದಿದ್ದಾಳೆ. ಹತ್ತಿದವಳೇ ಹಾಸಿಗೆಯ ಮೇಲೆ ಜಾಗ ಹಿಡಿದಳು. ಇಳಿಯುವ ಮಾತಿಲ್ಲ.

ಪ್ರಬುದ್ಧ ಎಲ್ಲಿಯಾದರೂ ಇಳಿದು ಬಂದರೆ ಸಾಕು, ಅವಳಿಗೆ ಸೊಂಟ ಹಿಡಿಯುತ್ತದೆ. ಮಾಸ್ತರರೇ ಕೈಕೊಟ್ಟು ಎಬ್ಬಿಸಬೇಕು. ನಾಲ್ಕನೆಯ ಸಲ ಅವರು ನನ್ನ ಕಿವಿಯಲ್ಲಿ ಹೇಳಿದರು — "ಅತ್ತಿ ನನ್ನ ಬಾಯಿ ವಾಸನಿ ನೋಡಾಕತ್ತಾರ. ಏಲಕ್ಕಿ ಹಾಕ್ಕೊಂಡ್ರ ಇನ್ನೂ ಅನುಮಾನ ಬರ್ತದ. ಅದನ್ನೂ ಬಿಟ್ಟೇನಿ."

ನಕ್ಕೆ. ಎಷ್ಟೋ ದಿನದ ಮೇಲೆ.

ಮದುವೆಗೆ ಮೊದಲೇ ಹೇಳಿದ್ದರು — ಗೆಳೆಯರ ಮನೆ ಫಂಕ್ಷನ್‌ಗಳಲ್ಲಿ, ಅಪರೂಪಕ್ಕೆ, ಒಂದು ಪೆಗ್. ಮುಚ್ಚಿಡಲಿಲ್ಲ. ನಾನೂ ಆಗಲಿ ಎಂದಿದ್ದೆ.

ಜನವರಿ 19, ಭಾನುವಾರ. ದಿಂಡೋರಿ

ಬೆಳಿಗ್ಗೆ ದ್ರಾಕ್ಷಿ ತೋಟ. ತಂತಿಯ ಮೇಲೆ ಹಬ್ಬಿಸಿದ ಬಳ್ಳಿ, ಗುಡ್ಡದ ಬುಡದವರೆಗೆ. ವೈನಿನ ದ್ರಾಕ್ಷಿ ಸಣ್ಣದು, ಕಪ್ಪು, ಬೀಜವೇ ಹೆಚ್ಚು. ಪ್ರಬುದ್ಧ ಮಣ್ಣು ಮುಟ್ಟಿ ನೋಡಿದರು, ಫೋಟೋ ತೆಗೆದರು. ಹತ್ತನೆಯ ಕ್ಲಾಸಿಗೆ ತೋರಿಸುತ್ತಾರಂತೆ. ಮಗುವಿನ ಮುಖವಾಗಿತ್ತು.

ಆಮೇಲೆ ವೈನ್ ಕಾರ್ಖಾನೆಯ ಒಳಗೆ. ಸ್ಟೀಲ್ ಟ್ಯಾಂಕುಗಳು. ವಾಸನೆ. ಅವ್ವನಿಗೆ ಅದು ಭೂಸನೂರಿನ ಸಕ್ಕರೆ ಕಾರ್ಖಾನೆಯ ಕಾಕಂಬಿಯಂತೆ ಬಂತಂತೆ. ನನಗೆ ಧರ್ಮರಾಜನ ದಿಂಬು.

ಟಿಕೆಟಿನಲ್ಲೇ ರುಚಿ ನೋಡುವುದೂ ಸೇರಿತ್ತು. ಪ್ರಬುದ್ಧ ನನ್ನ ಮುಖ ನೋಡಿದರು. ಬೇಡ ಎನ್ನಬಹುದಿತ್ತು... ಅವರ ಖುಷಿ ಕೆಡಿಸುವುದು ಹೇಗೆ. ಒಂದು ಗ್ಲಾಸು, ಎರಡು, ಮೂರು. ತಳದಲ್ಲಿ ಇಷ್ಟಿಷ್ಟೇ. ಪುಣೆಯ ಜೋಡಿಯೊಂದಕ್ಕೆ ಮಳೆ, ಮಣ್ಣು ವಿವರಿಸತೊಡಗಿದರು. ದನಿ ಸ್ವಲ್ಪ ಏರಿತ್ತು. ಜೋರಾಗಿ ನಕ್ಕರು. ಅಷ್ಟೇ. ಬೇರೇನೂ ಆಗಲಿಲ್ಲ.

ನಾನು ಹೊರಗೆ ಬಂದೆ. ವ್ಯಾನಿನ ಬಾಗಿಲು ಹಿಡಿದು ನಿಂತೆ. ನಾಡಿ ನೋಡಿಕೊಂಡೆ, ನೂರಿಪ್ಪತ್ತು. ಪೇಷಂಟ್ ಆಗಿದ್ದರೆ ಡಾಕ್ಟರನ್ನು ಕರೆಯುತ್ತಿದ್ದೆ.

ಪ್ರಬುದ್ಧ ಬಂದು ನನ್ನ ಕೈಲಿದ್ದ ವ್ಯಾನಿನ ಕೀಲಿಗೆ ಕೈ ಚಾಚಿದರು. ಕೊಡಲಿಲ್ಲ.

"ಮಧುಮತಿ, ಇಷ್ಟೇ ಕುಡದೇನಿ. ನಾ ಧರ್ಮರಾಜ ಅಲ್ಲ."

"ಗೊತ್ತದ್ರಿ. ನನ್ನ ಮೈಗೆ ಗೊತ್ತಿಲ್ಲ."

ಚಾಚಿದ ಕೈ ಹಿಂದೆ ತೆಗೆದರು. ಆಮೇಲೆ ಹೋಗಿ ಮ್ಯಾನೇಜರನ್ನು ಕೇಳಿ ಬಂದರು. ವ್ಯಾನ್ ಈ ರಾತ್ರಿ ಇಲ್ಲೇ ನಿಲ್ಲಬಹುದು. ಅವ್ವ ಕಿಟಕಿಯಾಚೆ ನೋಡುತ್ತಾ ಕುಳಿತಿದ್ದಾಳೆ. ಗೆದ್ದೆ ಎನ್ನುವ ಮುಖವಲ್ಲ.

ಜನವರಿ 20, ಸೋಮವಾರ. ಬೆಳಿಗ್ಗೆ

ಪ್ರಬುದ್ಧ ಮುಂದಿನ ಸೀಟಿನಲ್ಲೇ ಮಲಗಿದ್ದರು. ಅವ್ವ ಛಾ ಮಾಡಿ ಒಯ್ದಳು. ಪರದೆಯ ಈಚೆ ನಾನು ಎದ್ದೇ ಇದ್ದೆ.

ಕುಡಿಯುವುದಿಲ್ಲ ಎಂದು ಮಗಳ ತಲೆ ಮುಟ್ಟಿ ಹೇಳಿ ಎಂದು ಕೇಳಿದಳು.

"ಆಣಿ ಮಾಡಲ್ಲ ಅತ್ತಿ," ಎಂದರು. "ಆಣಿ ಮಾಡಿದವರನ್ನ ಆಕಿ ಭಾಳ ನೋಡ್ಯಾಳ. ಇನ್ನ ಮುಟ್ಟಲ್ಲ. ಆಕಿ ಎಷ್ಟ ದಿನ ಬೇಕೋ ಅಷ್ಟ ದಿನ ನೋಡ್ಲಿ."

ಅವ್ವ ಲೋಟ ಸರಿಸಿದ ಸದ್ದು.

"ಛಾ ಆರಾಕತ್ತದ, ಕುಡೀರಿ."

ಧರ್ಮರಾಜ ನನ್ನ ತಲೆ ಮುಟ್ಟಿ ಆಣೆ ಮಾಡುತ್ತಿದ್ದ. ಅಪ್ಪನ ಫೋಟೋ ಮುಟ್ಟಿ, ತಾಳಿ ಮುಟ್ಟಿ. ಒಂದು ಸಲ ಡ್ರಿಪ್ ಸೂಜಿ ಚುಚ್ಚಿದ್ದ ಕೈಯನ್ನೇ ಮೇಲೆತ್ತಿ. ಪ್ರಬುದ್ಧರಿಗೆ ಇದನ್ನೆಲ್ಲ ನಾನು ಹೇಳಿರಲಿಲ್ಲ. ಯಾರು ಹೇಳಿದರೋ. ಯಾರೂ ಹೇಳಿರಲಿಕ್ಕಿಲ್ಲ.

ಎದ್ದು ಕೀಲಿ ಕೊಟ್ಟೆ.

ಫೆಬ್ರವರಿ 9, ಭಾನುವಾರ. ಆಳಂದ

ಬರೆಯಲಿಲ್ಲ ಇಷ್ಟು ದಿನ. ಬರುವಾಗ ದಾರಿಯುದ್ದಕ್ಕೂ ಮಾತು ಕಡಿಮೆ. ಸೊಲ್ಲಾಪುರದಲ್ಲಿ ವ್ಯಾನ್ ಒಪ್ಪಿಸಿ ಬಸ್ ಹಿಡಿದೆವು. ಪ್ರಬುದ್ಧ ದಿನಾ ಫೋನ್ ಮಾಡುತ್ತಾರೆ. ವರ್ಗದ ಮಾತು ಎತ್ತುವುದಿಲ್ಲ. ನಿನ್ನೆ ನಾನೇ ಎತ್ತಿದೆ — ಮೇ ತಿಂಗಳಲ್ಲಿ ಜೇವರ್ಗಿ ಕೇಳುತ್ತೇನೆ. ರಾತ್ರಿ ಇನ್ನೊಮ್ಮೆ ಫೋನ್ ಮಾಡಿ, ಮೇ ಎಂದದ್ದು ನಿಜವೇ ಎಂದು ಕೇಳಿದರು.

ಅವ್ವನಿಗೆ ಹೇಳಿದೆ. ಮಾಸ್ತರಿಗೆ ರೊಟ್ಟಿ ತೆಳ್ಳಗಿರಬೇಕು, ದಪ್ಪ ಬಡಿಯಬೇಡ ಎಂದಳು.

ಜೂನ್ 15, ಭಾನುವಾರ. ಜೇವರ್ಗಿ

ಇಲ್ಲಿಗೆ ಬಂದು ಎರಡು ವಾರ. ವಾರ್ಡ್ ದೊಡ್ಡದು, ಜನವೂ ಹೆಚ್ಚು. ಮನೆಯಲ್ಲಿ ಸಾಮಾನು ಇನ್ನೂ ಅರ್ಧ ಗಂಟಿನಲ್ಲೇ.

ಇವತ್ತು ಪ್ರಬುದ್ಧ ಅಂದೋಲಾಕ್ಕೆ ಹೋಗಿದ್ದರು, ಜೊತೆಯ ಮಾಸ್ತರರ ಮಗನ ಮದುವೆ. ನನಗೆ ಬೆಳಗಿನ ಡ್ಯೂಟಿ ಇತ್ತು, ಹೋಗಲಿಲ್ಲ. ಊಟ ಮಾಡಿ ಅಡ್ಡಾದೆ. ಧರ್ಮರಾಜ ಹೊರಗೆ ಹೋದರೆ, ಹಗಲಾಗಲಿ ರಾತ್ರಿಯಾಗಲಿ, ಗೇಟಿನ ಸದ್ದು ಕೇಳುವವರೆಗೆ ನಾನು ಕಣ್ಣು ಮುಚ್ಚುತ್ತಿರಲಿಲ್ಲ. ಅವನು ತೀರಿಹೋದ ಮೇಲೂ ಆ ಚಟ ಹೋಗಲಿಲ್ಲ.

ಎಚ್ಚರಾದಾಗ ಬಿಸಿಲು ಇಳಿದಿತ್ತು. ಪ್ರಬುದ್ಧ ಯಾವಾಗಲೋ ಬಂದಿದ್ದಾರೆ. ಅಂಗಿ ಬದಲಿಸಿ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದರು. ನನಗೆ ಗೇಟು ತೆರೆದದ್ದೇ ಕೇಳಿಸಿಲ್ಲ. ಎಂಥ ನಿದ್ದೆ ಅದು. ಎಷ್ಟು ವರ್ಷದ್ದೋ...

ಮಳೆ ಬರುವ ಹಾಗಿದೆ. ಚಾದರದ ಇನ್ನೊಂದು ತುದಿ ಹಿಡಿಯಲು ಕರೆಯುತ್ತಿದ್ದಾರೆ. ಉಳಿದದ್ದು —