ಎರಡನೇ ಮೆಟ್ಟಿಲು

ನವೆಂಬರ್ 14, ಸಂಜೆ

ಮಾನ್ಯ ಅಧ್ಯಕ್ಷರೇ, ವೇದಿಕೆಯನ್ನು ಅಲಂಕರಿಸಿರುವ ಗಣ್ಯರೇ, ಭಾರೀ ಸಂಖ್ಯೆಯಲ್ಲಿ ನೆರೆದಿರುವ ರಸಿಕರೇ — ಅಂದರೆ ಸೀಮೆಸುಣ್ಣದ ಡಬ್ಬಿಯೇ, ಒಗೆಯಲು ಬಿದ್ದಿರುವ ಅಂಗಿಗಳೇ, ನೆಟ್ಟಗೆ ಮುಚ್ಚದ ಕಿಟಕಿಯೇ — ಇವತ್ತೂ ಆರು ಪೀರಿಯಡ್. ನಾಲ್ಕು ಕನ್ನಡ, ಎರಡು ಮಾನವ ಭೂಗೋಳ. ಭೂಗೋಳದ ಮೇಷ್ಟ್ರು ವರ್ಗವಾಗಿ ಎರಡು ತಿಂಗಳು. "ನಿಮಗೆ ಮಾತು ಚೆನ್ನಾಗಿ ಬರುತ್ತಲ್ಲ, ನೀವೇ ನೋಡ್ಕೊಳ್ಳಿ" ಅಂದರು ಪ್ರಿನ್ಸಿಪಾಲರು. ಮಾತು ಬರುತ್ತೆ ಅಂತ ಯಾರ ಕೈಗೂ ಆಪರೇಷನ್ ಕೊಡಲ್ಲ. ಪಾಠ ಕೊಡ್ತಾರೆ.

ಮಕ್ಕಳಿಗಿಂತ ಒಂದೇ ಅಧ್ಯಾಯ ಮುಂದಿದ್ದೇನೆ. ವಲಸೆ ಮುಗಿಯಿತು. ನಗರೀಕರಣ ನಡೆದಿದೆ. ನನ್ನ ಸೊಂಟ ನಡೆಯುತ್ತಿಲ್ಲ.

ಜನವರಿ 11

ಜನಸಂಖ್ಯಾ ಪರಿವರ್ತನೆ. ಪುಸ್ತಕ ಇಂಗ್ಲಿಷು. ಗ್ರಾಫಿನಲ್ಲಿ ಎರಡು ಗೆರೆ — ಒಂದು ಜನನ, ಒಂದು ಮರಣ — ಜಗಳವಾಡಿದ ಓರಗಿತ್ತಿಯರ ಹಾಗೆ ಒಮ್ಮೆ ದೂರ, ಒಮ್ಮೆ ಹತ್ತಿರ. ಬಸ್ಸಿನಲ್ಲಿ ನಿಂತೇ ಓದಿದೆ. ಇಳಿಯೋದರೊಳಗೆ ಪದ್ಯ ರೆಡಿ:

ಮೊದಲಿಗೆ ಹುಟ್ಟೂ ಹೆಚ್ಚು, ಸಾವೂ ಹೆಚ್ಚು;
ಎರಡನೇ ಮೆಟ್ಟಿಲು, ಬರಿದಾಗೋ ತೊಟ್ಟಿಲು;
ಮೂರನೇ ಹಂತ, ಸಾವಿಗೆ ಅಂತ;
ನಾಲ್ಕಕೆ ಎರಡೂ ಕಮ್ಮಿ, ಜನ ನಿಶ್ಚಿಂತ.

ಕ್ಲಾಸು ಮೇಜು ಬಡಿದು ಹಾಡಿತು. ಕೊನೇ ಬೆಂಚಿನ ಜಿರಾಫೆ ಕೂಡ ಎದ್ದು ನಿಂತ. "ಸರ್, ಇದಕ್ಕೆ ಮ್ಯೂಸಿಕ್ ಒಂದು ಬಾಕಿ!" ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಮೊದಲ ಚಪ್ಪಾಳೆ.

ಫೆಬ್ರವರಿ 27

ಭೂಗೋಳ ಪರೀಕ್ಷೆ ಆಯ್ತು. ಹತ್ತು ಅಂಕಕ್ಕೆ ಅದೇ ಪ್ರಶ್ನೆ. ಗೇಟಿನ ಹತ್ತಿರ ಎಲ್ಲರೂ ಮುತ್ತಿಕೊಂಡರು. "ಮೆಟ್ಟಿಲು ಬಂತು ಸರ್!" ನಗೋದಕ್ಕೆ ಪ್ರಯತ್ನಪಟ್ಟೆ... ಮನೆಗೆ ಬಂದು ಶೂ ಸಮೇತ ಮಲಗಿಬಿಟ್ಟೆ.

ಏಪ್ರಿಲ್ 3, ಮಧ್ಯಾಹ್ನ

ಬೋರ್ಡಿನಿಂದ ಪತ್ರ. ಇಪ್ಪತ್ತಾರು ಉತ್ತರಪತ್ರಿಕೆ, ಇಪ್ಪತ್ತಾರರಲ್ಲೂ ಒಂದೇ ತಪ್ಪು, ಒಂದೇ ಮಾತಿನಲ್ಲಿ. ಸಾಮೂಹಿಕ ನಕಲಿನ ಶಂಕೆ. ಎಲ್ಲರ ಫಲಿತಾಂಶಕ್ಕೂ ತಡೆ. ಕಾಲೇಜಿಗೆ ಅರ್ಜಿ ಹಾಕೋಕೆ ಒಂಬತ್ತನೇ ತಾರೀಖು ಕೊನೆ.

ಪ್ರಿನ್ಸಿಪಾಲರು: "ಯಾರೋ ಚೀಟಿ ಹಂಚಿದಾರೆ. ಬಾಯಿ ಬಿಡಿಸಿ ಮೇಷ್ಟ್ರೇ. ನಿಮ್ಮ ಮಾತು ಅಂದ್ರೆ ಕೇಳ್ತಾವೆ."

"ಆಗಲಿ" ಅಂದೆ.

ಏಪ್ರಿಲ್ 4

ಅಕ್ಕನಿಗೆ ಹೇಳಿದೆ. ನರ್ಸು, ಡ್ಯೂಟಿ ಮುಗಿಸಿ ಬಂದು ಕಾಲು ನೀವಿಕೊಳ್ಳುತ್ತಿದ್ದಳು. ಪದ್ಯ ಕೇಳಿ ಕೈ ನಿಲ್ಲಿಸಿದಳು.

"ತಲೆಕೆಳಗಾಗಿದೆಯಲ್ಲೋ. ಮೊದಲು ಸಾವು ಇಳಿಯುತ್ತೆ. ಸಾಯೋದು ತಪ್ಪಿಸೋಕೆ ಒಂದು ಸೂಜಿ ಸಾಕು. ಹೆರೋದು ಕಮ್ಮಿ ಆಗೋಕೆ ಮನಸ್ಸು ಬದಲಾಗ್ಬೇಕು. ಅದಕ್ಕೆ ಒಂದು ತಲೆಮಾರು ಬೇಕು."

"ಪ್ರಾಸಕ್ಕೋಸ್ಕರ..."

"ಯಾವ ಪ್ರಾಸ? ಎರಡನೇ ಹಂತ, ಸಾವಿಗೆ ಅಂತ. ಮೂರನೇ ಮೆಟ್ಟಿಲು, ಬರಿದಾಗೋ ತೊಟ್ಟಿಲು. ಕೂಡುತ್ತಲ್ಲೋ!"

ಕೂಡುತ್ತೆ. ಒಂದು ಮಾತ್ರೆಯೂ ಹೆಚ್ಚುಕಮ್ಮಿ ಇಲ್ಲದ ಹಾಗೆ ಕೂಡುತ್ತೆ.

"ನಾಳೆನೇ ಬರೆದು ಕೊಡು."

"ಕೆಲಸ ಹೋದ್ರೆ?"

"ಹೋದ್ರೆ ಮನೇಲಿ ಪಾತ್ರೆ ತೊಳಿ. ಅದಕ್ಕೆ ಪ್ರಾಸ ಬೇಕಾಗಿಲ್ಲ."

ಏಪ್ರಿಲ್ 7

ಬರೆದು ಕೊಡಲಿಲ್ಲ. ಮೂರು ದಿನ ಹೋಯ್ತು.

ಇವತ್ತು ಪ್ರಿನ್ಸಿಪಾಲರು ಮಕ್ಕಳನ್ನು ಒಬ್ಬೊಬ್ಬರನ್ನೇ ಕರೆಸಿದರು. ನಾನೂ ಪಕ್ಕದ ಕುರ್ಚಿಯಲ್ಲಿ, ಮದುವೆಗೆ ಬಂದ ದೂರದ ನೆಂಟನ ಹಾಗೆ. ಮೆಟ್ಟಿಲು ಕಲಿಸಿದ್ದು ಸರ್ ಅಂತ ಒಬ್ಬನೂ ಬಾಯಿ ಬಿಡಲಿಲ್ಲ. ಜಿರಾಫೆ ಅಂದ, "ಎಲ್ಲಾ ಬಾಯಿಪಾಠ ಸಾರ್, ಅಷ್ಟೇ."

ಪ್ರಿನ್ಸಿಪಾಲರ ಅನುಮಾನ ಕನ್ನಡಕದ ಹುಡುಗಿ ಮೇಲೆ. ಕ್ಲಾಸಿಗೇ ಫಸ್ಟು, ಅಕ್ಷರ ಮುತ್ತು, ಅದಕ್ಕೇ ಮೂಲ ಪ್ರತಿ ಅವಳದ್ದೇ ಅಂತೆ. ಅವಳಪ್ಪ, ಟೈಲರು, ಹೊರಗೆ ಬೆಂಚಿನ ಮೇಲೆ. ಕತ್ತಿನಲ್ಲಿ ಟೇಪು ಹಾಗೇ ಇತ್ತು.

"ನಾನು ಯಾರಿಗೂ ಕೊಟ್ಟಿಲ್ಲ ಸರ್" ಅಂದಳು. ಪ್ರಿನ್ಸಿಪಾಲರಿಗೆ. ನನ್ನ ಕಡೆ ಒಂದೇ ಸಲ ನೋಡಿದಳು.

"ನಾಳೆ ಸಂಜೆಯೊಳಗೆ ಒಪ್ಕೋ. ಇಲ್ಲಾಂದ್ರೆ ನಿನ್ನ ಹೆಸರೇ ಕಳಿಸ್ತೀನಿ" ಅಂದರು.

ಏಪ್ರಿಲ್ 8, ಬೆಳಗ್ಗೆ 5.40

ಪತ್ರ ಬರೆದೆ. "ತಪ್ಪು ಮಕ್ಕಳದಲ್ಲ, ನನ್ನದು. ಕಣ್ತಪ್ಪಿನಿಂದ ಕ್ರಮವನ್ನು ಹಿಂದುಮುಂದಾಗಿ ಬೋಧಿಸಿರುತ್ತೇನೆ. ಕೆಲಸದ ಒತ್ತಡದಿಂದಾಗಿ ಇದು ಗಮನಕ್ಕೆ ಬಂದಿರುವುದಿಲ್ಲ." ಒಳ್ಳೇ ಗದ್ಯ. ಓದಿದೆ. ಹರಿದೆ. ಮೊದಲು ಇಲ್ಲಿ ಬರೀತೀನಿ, ಆಮೇಲೆ ಅಲ್ಲಿ.

ಗಮನಕ್ಕೆ ಬಂದಿತ್ತು. ಜನವರಿ 12. ಆ ದಿನ ಡೈರಿ ಬರೆದಿಲ್ಲ. ಕನ್ನಡಕದ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ಪುಸ್ತಕ ಹಿಡಿದು ನಿಂತಿದ್ದಳು. "ಸರ್, ಗ್ರಾಫಲ್ಲಿ ಮೊದಲು ಸಾವಿನ ಗೆರೆ ಇಳಿಯುತ್ತೆ." ನೋಡಿದೆ. ಇಳಿಯುತ್ತೆ. ಅವಳ ಹಿಂದೆ ಮಕ್ಕಳು ಇನ್ನೂ ಪದ್ಯ ಹಾಡ್ತಿದ್ದರು, ಕಾರಿಡಾರಿನ ಉದ್ದಕ್ಕೂ. "ಅದು ಪ್ರಿಂಟಿಂಗ್ ಮಿಸ್ಟೇಕಮ್ಮಾ" ಅಂದೆ. ನೋಟ್ಸಿನಲ್ಲಿ ಸರಿಯಾಗಿ ಬರೆದುಕೊಂಡಿದ್ದಳು. ನನ್ನೆದುರೇ ಹೊಡೆದು ಹಾಕಿದಳು. ಪೆನ್ನು ಕೊಟ್ಟವನೂ ನಾನೇ. ಈಗ ಇದನ್ನೇ ಅಲ್ಲಿ ಬರೀತೀನಿ.